ಮುಖ ಯಾವ ಕಡೆಗೆ? ಮಕ್ಕಳ ಇಂಗ್ಲಿಷಿನಲ್ಲಿ ವಾಕ್ಯ ಕೂಡಿಸುವ ಬಗೆ

(ಕಲ್ಲಡ್ಕದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಈ ದತ್ತಿ ಒಬ್ಬ ಪ್ರಾಥಮಿಕ ಶಾಲಾ ಅಧ್ಯಾಪಕರ ನೆನಪಿಗೆ ಅವರ ಮನೆಯವರು ಇಟ್ಟದ್ದು. ಭಾಷಣದಲ್ಲಿ ಅವರ ಹೊಗಳಿಕೆ ಬೇಡ, ಹೆಸರೂ ಬೇಡ, ಪಾಠಕ್ಕೆ ಉಪಯೋಗಕ್ಕೆ ಬರುವ ಒಂದು ವಿಷಯ ಹಿಡಿದು ಮಾತಾಡಿದರೆ ಸಾಕು ಎಂದು ಮನೆಯವರು ಹೇಳಿದ್ದಾರೆ. ಅದನ್ನು ಆಜ್ಞೆಯೆಂದು ತೆಗೆದುಕೊಂಡು ಬಹಳ ಸಣ್ಣ ವಿಷಯವನ್ನೇ ಆರಿಸಿಕೊಂಡು ಬಂದಿದ್ದೇನೆ. ಇಂಗ್ಲಿಷಿನ ಐದು ಪುಟ್ಟ ಪದಗಳು: ಆ್ಯಂಡ್, ಆರ್, ಬಟ್, ಸೋ, ಬಿಕಾಸ್. ಮೂರನೆಯ, ನಾಲ್ಕನೆಯ ತರಗತಿಯ ಮಗು ಎರಡು ಇಂಗ್ಲಿಷ್ ವಾಕ್ಯಗಳನ್ನು ಈ ಪದಗಳಿಂದ ಹೇಗೆ ಕೂಡಿಸಬೇಕು, ಅದನ್ನು ನಾವು ಹೇಗೆ ಕಲಿಸಬೇಕು ಎಂಬುದೇ ಈ ಹೊತ್ತಿನ ಮಾತು. ಮೂವತ್ತು ಚಿಲ್ಲರೆ ವರ್ಷ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿದ ಮೇಲೆ, ಮಕ್ಕಳ ಇಂಗ್ಲಿಷ್ ಎಲ್ಲಿ ಕಾಲೂರುತ್ತದೆ, ಎಲ್ಲಿ ಜಾರುತ್ತದೆ ಎಂದು ನೋಡಲಿಕ್ಕೆ ಇಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಎಂದು ನನಗೆ ಅನಿಸಿದೆ.

ಒಂದು ಜುಲೈ ತಿಂಗಳ ಕಥೆ ಹೇಳುತ್ತೇನೆ. ನಮ್ಮ ಜಿಲ್ಲೆಯ ಮಳೆ ನಿಮಗೆ ಗೊತ್ತು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುತ್ತದೆ, ಅದರಲ್ಲಿ ಬಹುಪಾಲು ಶಾಲೆ ತೊಡಗಿದ ಮೊದಲ ಮೂರು ತಿಂಗಳಲ್ಲೇ. ರಾತ್ರಿಯಿಡೀ ಹೊಡೆದರೆ ಜಿಲ್ಲಾಧಿಕಾರಿಗಳು ರಜೆ ಸಾರುತ್ತಾರೆ. ಹಾಗೆ ಎರಡು ದಿನ ರಜೆ ಕಳೆದು ಮಕ್ಕಳು ತರಗತಿಗೆ ಬಂದರು. ನಾನು ಕೇಳಿದೆ: ನಿನ್ನೆ ಮೊನ್ನೆ ಶಾಲೆ ಯಾಕೆ ಇರಲಿಲ್ಲ, ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆಯಿರಿ, ಬಿಕಾಸ್ ಹಾಕಿ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಬರೆದದ್ದು ಹೀಗೆ: "ಇಟ್ ರೇನ್ಡ್ ಬಿಕಾಸ್ ವಿ ಹ್ಯಾಡ್ ಎ ಹಾಲಿಡೇ."

ರಜೆ ಇದ್ದ ಕಾರಣ ಮಳೆ ಬಂತು!

ಕೆಂಪು ಶಾಯಿಯಲ್ಲಿ ಅಡ್ಡ ಗೆರೆ ಎಳೆದು ಸರಿಯಾದ ವಾಕ್ಯವನ್ನು ಬೋರ್ಡಿನಲ್ಲಿ ಬರೆದರೆ ಕೆಲಸ ಮುಗಿಯಿತು ಎಂದು ನಾನು ಎಷ್ಟೋ ವರ್ಷ ತಿಳಿದಿದ್ದೆ. ಮಕ್ಕಳು ಅದನ್ನು ಹತ್ತು ಸಲ ಬರೆಯುತ್ತಿದ್ದರು. ಮುಂದಿನ ವಾರ ಬೇರೆ ವಾಕ್ಯ ಕೊಟ್ಟರೆ ಪುನಃ ಅದೇ ತಪ್ಪು. ಒಂದು ತಪ್ಪನ್ನು ಒಬ್ಬ ಹುಡುಗ ಮಾಡಿದರೆ ಅದು ಅವನದ್ದು. ಮೂವತ್ತು ಮಕ್ಕಳು ಒಂದೇ ಬಗೆಯಲ್ಲಿ ಮಾಡಿದರೆ ಅದಕ್ಕೊಂದು ಬೇರು ಇರಲೇಬೇಕು. ಆ ಬೇರನ್ನು ಹುಡುಕಲಿಕ್ಕೆ ಹೊರಟಾಗ ನನಗೆ ಸಿಕ್ಕಿದ್ದು ಇಂಗ್ಲಿಷ್ ವ್ಯಾಕರಣ ಅಲ್ಲ, ನಮ್ಮದೇ ಮಾತು.

ನಮ್ಮೂರಿನ ಮಗು ಇದೇ ಸಂಗತಿಯನ್ನು ಹೇಗೆ ಹೇಳುತ್ತದೆ ಎಂದು ಕಿವಿಗೊಟ್ಟು ಕೇಳಿ. "ಮಳೆ ಬಂದ ಕಾರಣ ರಜೆ ಟೀಚರ್." ಮಳೆ ಬಂದದ್ದು ಮೊದಲು, ರಜೆ ಕೊನೆಗೆ, ನಡುವೆ 'ಕಾರಣ'. ಈಗ ಆ ಮಗುವಿಗೆ ಬಿಕಾಸ್ ಅಂದರೆ ಕಾರಣ ಎಂದು ನಾವು ಹೇಳಿಕೊಟ್ಟಿದ್ದೇವೆ. ಮಗು ಬಹಳ ಪ್ರಾಮಾಣಿಕವಾಗಿ ಮೂರು ತುಂಡನ್ನೂ ಇದ್ದ ಜಾಗದಲ್ಲೇ ಇಟ್ಟು ಬದಲಾಯಿಸಿತು. ಮಳೆ ಬಂದ, ಇಟ್ ರೇನ್ಡ್. ಕಾರಣ, ಬಿಕಾಸ್. ರಜೆ, ಹಾಲಿಡೇ. ಒಂದೂ ತುಂಡು ತಪ್ಪಲಿಲ್ಲ. ಇಡೀ ವಾಕ್ಯ ತಲೆಕೆಳಗಾಯಿತು. ಯಾಕೆ? ನಮ್ಮ 'ಕಾರಣ' ತನ್ನ ಹಿಂದಿರುವ ಮಾತಿಗೆ ಅಂಟಿಕೊಳ್ಳುತ್ತದೆ, ಇಂಗ್ಲಿಷಿನ ಬಿಕಾಸ್ ತನ್ನ ಮುಂದಿರುವ ಮಾತನ್ನು ಹಿಡಿಯುತ್ತದೆ. ಬಿಕಾಸಿನ ಅರ್ಥ ಮಗುವಿಗೆ ಸರಿಯಾಗಿಯೇ ಗೊತ್ತಿತ್ತು. ಅದರ ಮುಖ ಯಾವ ಕಡೆಗೆ ಎಂಬುದನ್ನು ನಾವು ಹೇಳಿಕೊಟ್ಟಿರಲಿಲ್ಲ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಸೇರಿಸಬೇಕು. ಕಾರಣ ಮತ್ತು ಪರಿಣಾಮವನ್ನು ಹೀಗೆ ಅದಲು ಬದಲು ಮಾಡುವುದು ನಮ್ಮ ಮಕ್ಕಳ ಸೊತ್ತಲ್ಲ. ಜಿನೀವಾದಲ್ಲಿ ಜೀನ್ ಪಿಯಾಜೆ 1920ರ ದಶಕದಲ್ಲಿ ಫ್ರೆಂಚ್ ಮಾತಾಡುವ ಮಕ್ಕಳಿಗೆ ಅರ್ಧ ವಾಕ್ಯ ಕೊಟ್ಟು, ಅವರ ಭಾಷೆಯ 'ಯಾಕೆಂದರೆ' ಬಳಸಿ ಪೂರ್ತಿ ಮಾಡಿ ಎಂದು ಕೇಳಿದ್ದರು. ಎಳೆಯ ಮಕ್ಕಳು ತಮ್ಮ ತಾಯ್ನುಡಿಯಲ್ಲೇ ಪರಿಣಾಮವನ್ನು ಕಾರಣದ ಜಾಗದಲ್ಲಿ ಇಟ್ಟದ್ದನ್ನು ಅವರು ದಾಖಲಿಸಿದ್ದಾರೆ. ಏಳೆಂಟು ವರ್ಷದ ಹೊತ್ತಿಗೆ ಅದು ತಿಳಿಯಾಗುತ್ತಾ ಬರುತ್ತದೆ. ಹಾಗಾಗಿ ಎರಡನೇ ತರಗತಿಯ ಮಗು ಬಿಕಾಸನ್ನು ತಿರುಗಿಸಿ ಹಾಕಿದರೆ ಅದರಲ್ಲಿ ವಯಸ್ಸಿನ ಪಾಲೂ ಇದೆ, ಕಾಯಬೇಕು. ಐದನೇ ತರಗತಿಯ ಮಗು ಹಾಕಿದರೆ ಹಾಗಲ್ಲ. ಆ ಮಗುವನ್ನು ತುಳುವಿನಲ್ಲಿ ಕೇಳಿ ನೋಡಿ. ಮಳೆ ಮೊದಲಾ ರಜೆ ಮೊದಲಾ ಎಂದು ಅದಕ್ಕೆ ಎಳ್ಳಷ್ಟೂ ಸಂಶಯ ಇಲ್ಲ.

ಕಲ್ಲಡ್ಕದಂಥ ಊರಿನ ಒಂದು ತರಗತಿಯಲ್ಲಿ ಎಷ್ಟು ಮನೆಮಾತು ಇರುತ್ತದೆ ಎಂದು ಲೆಕ್ಕ ಹಾಕಿದ್ದೀರಾ? ತುಳು ಹೆಚ್ಚಿನವರದ್ದು. ಬ್ಯಾರಿ ಭಾಷೆ ಇದೆ, ಕೊಂಕಣಿ ಇದೆ, ಹವ್ಯಕರ ಕನ್ನಡ ಇದೆ, ವಿಟ್ಲದ ಕಡೆಗೆ ಹೋದ ಹಾಗೆ ಮಲಯಾಳದ ಗಾಳಿಯೂ ಬೀಸುತ್ತದೆ. ಇವರಿಗೆ ಪುಸ್ತಕದ ಕನ್ನಡವೇ ಶಾಲೆಯಲ್ಲಿ ಕಲಿತದ್ದು, ಇಂಗ್ಲಿಷ್ ಅದರ ಮೇಲಿನದ್ದು. ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಅದಕ್ಕೆ ಮೊದಲು ಐದನೆಯದ್ದರಲ್ಲಿ ಎ ಬಿ ಸಿ ಡಿ ತೊಡಗುತ್ತಿತ್ತು. 2019-20ರಿಂದ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಬಂದವು. ಮಾಧ್ಯಮದ ಚರ್ಚೆಗೆ ನಾನು ಇಂದು ಹೋಗುವುದಿಲ್ಲ, ಅದಕ್ಕೆ ಬೇರೆ ದಿನವೇ ಬೇಕು. ಯಾವ ಮಾಧ್ಯಮವಾದರೂ ಎದುರಿಗೆ ಕೂತಿರುವುದು ಇದೇ ಮಗು, ಅದರ ತಲೆಯಲ್ಲಿ ವಾಕ್ಯ ಕೂಡುವ ಬಗೆ ಆಗಲೇ ಗಟ್ಟಿಯಾಗಿ ಕೂತಿದೆ. ನಾವು ಖಾಲಿ ಹಲಗೆಯ ಮೇಲೆ ಬರೆಯುತ್ತಿಲ್ಲ.

ಹಾಗಾದರೆ ನಮ್ಮ ಮಾತುಗಳಲ್ಲಿ ವಾಕ್ಯ ಹೇಗೆ ಕೂಡುತ್ತದೆ? ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರನ್ನು ನೆನೆಯದೆ ಈ ಪ್ರಶ್ನೆಗೆ ಉತ್ತರ ಹೇಳಲು ನನಗೆ ಮನಸ್ಸಿಲ್ಲ. ಅವರು ಅಧ್ಯಾಪಕರು, ಶಾಲಾ ಇನ್‌ಸ್ಪೆಕ್ಟರು, ಮಕ್ಕಳ ಕಿವಿಯನ್ನು ಬಲ್ಲ ಲೇಖಕರು. ಅವರ ಒಂದು ಮಕ್ಕಳ ಕಥೆಯ ಹೆಸರು 'ಹೇನು ಸತ್ತು ಕಾಗೆ ಬಡವಾಯಿತು'. ನಾಲ್ಕು ಪದದ ಈ ಹೆಸರಿನಲ್ಲಿ ಎರಡು ಘಟನೆಗಳಿವೆ. ಹೇನು ಸತ್ತಿತು, ಕಾಗೆ ಬಡವಾಯಿತು. ಇವನ್ನು ಕೂಡಿಸಿದ ಪದ ಯಾವುದು? ಹುಡುಕಿದರೆ ಪದವೇ ಇಲ್ಲ. 'ಸತ್ತಿತು' ಎಂಬುದು 'ಸತ್ತು' ಆಯಿತು, ಅಷ್ಟೆ. ಕ್ರಿಯಾಪದ ತನ್ನ ಬಾಲವನ್ನು ಸ್ವಲ್ಪ ಮೊಟಕು ಮಾಡಿಕೊಂಡಿತು, ಮುಂದಿನ ಮಾತು ಬಂದು ಕೂಡಿಕೊಂಡಿತು. ಆ 'ಸತ್ತು' ಎಂಬುದರಲ್ಲಿ ಆಮೇಲೆ ಎಂಬ ಅರ್ಥ ಇದೆ, ಆದ್ದರಿಂದ ಎಂಬ ಅರ್ಥವೂ ಇದೆ. ವ್ಯಾಕರಣದಲ್ಲಿ ಕೃದಂತಾವ್ಯಯ ಎನ್ನುತ್ತಾರೆ. ಹೋಗಿ, ಬಂದು, ತಿಂದು, ಮಲಗಿ, ಇವೆಲ್ಲ ಅದೇ ಕುಲ. ಇಂಗ್ಲಿಷಿನವರಿಗೆ ಈ ಜಾಗದಲ್ಲಿ ಆ್ಯಂಡ್ ಬೇಕು, ಕೆಲವೊಮ್ಮೆ ಸೋ ಬೇಕು, ಎರಡೂ ಕ್ರಿಯಾಪದಗಳು ಪೂರ್ತಿ ರೂಪದಲ್ಲಿ ನಿಲ್ಲಬೇಕು. ನಮ್ಮ ಮಕ್ಕಳು "ಐ ಗೋಯಿಂಗ್ ಹೋಮ್, ಈಟಿಂಗ್, ಸ್ಲೆಪ್ಟ್" ಎಂದು ಹೇಳುವುದು ಸೋಮಾರಿತನದಿಂದಲ್ಲ. ಹೋಗಿ, ತಿಂದು ಎಂಬ ಮೊಟಕು ಬಾಲಕ್ಕೆ ಇಂಗ್ಲಿಷಿನಲ್ಲಿ ಒಂದು ಸರಿಜೋಡಿಯನ್ನು ಅವರು ತಾವೇ ಹುಡುಕುತ್ತಿದ್ದಾರೆ.

ಹೆಸರುಗಳನ್ನು ಕೂಡಿಸುವಾಗಲೂ ಹಾಗೆಯೇ. 'ನಾನೂ ತಮ್ಮನೂ' ಎನ್ನುತ್ತೇವೆ, ತುಳುವಿನಲ್ಲಿ 'ಯಾನ್‌ಲಾ ಮೆಗ್ಯೆಲಾ'. ಕೂಡಿಸುವ ಗಂಟು ಎರಡೂ ಹೆಸರಿನ ಕೊನೆಯಲ್ಲಿ ಇದೆ. "ಐ ಆಲ್ಸೋ, ಮೈ ಬ್ರದರ್ ಆಲ್ಸೋ" ಎಂಬ ನಮ್ಮ ಕಡೆಯ ಇಂಗ್ಲಿಷ್ ಎಲ್ಲಿಂದ ಬಂತು ಎಂದು ಈಗ ನಿಮಗೆ ಕಾಣುತ್ತದೆ. ಆ ಎರಡು ಆಲ್ಸೋಗಳು ನಮ್ಮ ಎರಡು 'ಊ'ಗಳು.

ಇಷ್ಟೆಲ್ಲ ಇರುವಾಗ ನಾವು ತರಗತಿಯಲ್ಲಿ ಏನು ಮಾಡುತ್ತೇವೆ? ಆ್ಯಂಡ್ ಅಂದರೆ ಮತ್ತು ಎಂದು ಬೋರ್ಡಿನಲ್ಲಿ ಬರೆಯುತ್ತೇವೆ. ನಿಮ್ಮ ಮನೆಯಲ್ಲಿ ಯಾರಾದರೂ 'ಮತ್ತು' ಎಂದು ಬಾಯಿಬಿಟ್ಟು ಹೇಳಿದ್ದನ್ನು ಕೇಳಿದ್ದೀರಾ? ಜೀನಸಿನಂಗಡಿಯಲ್ಲಿ ಯಾರೂ "ಸಕ್ಕರೆ ಮತ್ತು ಚಾಹುಡಿ ಕೊಡಿ" ಎನ್ನುವುದಿಲ್ಲ. "ಸಕ್ಕರೆ ಒಂದು ಕಿಲೋ, ಚಾಹುಡಿ, ಮತ್ತೆ ಒಂದು ಸೋಪು" ಎನ್ನುತ್ತಾರೆ. ತುಳುವಿನವರಾದರೆ 'ಬೊಕ್ಕ' ಎನ್ನುತ್ತಾರೆ, ಕೊಂಕಣಿಯವರು 'ಆನಿ' ಎನ್ನುತ್ತಾರೆ. ಮಗುವಿಗೆ ಗೊತ್ತಿಲ್ಲದ ಇಂಗ್ಲಿಷ್ ಪದವನ್ನು ಮಗು ಆಡದ ಪುಸ್ತಕದ ಕನ್ನಡ ಪದದಿಂದ ವಿವರಿಸಿದರೆ ಎರಡೂ ಅಲ್ಲಿಗೇ ನಿಲ್ಲುತ್ತವೆ. ಟೀಚರುಗಳಲ್ಲಿ ನನ್ನ ಮೊದಲ ಕೋರಿಕೆ ಇದು: ಆ್ಯಂಡ್ ಕಲಿಸುವ ದಿನ 'ಬೊಕ್ಕ', 'ಆನಿ', 'ಮತ್ತೆ' ಈ ಮೂರನ್ನೂ ಬೋರ್ಡಿಗೆ ತನ್ನಿ. ಬ್ಯಾರಿ ಮಕ್ಕಳು ಮನೆಯಲ್ಲಿ ಏನು ಹೇಳುತ್ತಾರೆ ಎಂದು ಅವರನ್ನೇ ಕೇಳಿ ಬರೆಸಿ. ಆ ದಿನ ಹಿಂದಿನ ಬೆಂಚಿನಲ್ಲಿ ಎದ್ದು ನಿಲ್ಲುವ ಕೈಗಳನ್ನು ನೋಡಿದರೆ ನಾನು ಹೇಳುವುದರ ಬೆಲೆ ತಿಳಿಯುತ್ತದೆ.

ನಮ್ಮ ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ಈ ಪದಗಳಿಗೆ ಒಂದು ಹೆಸರಿದೆ: ಸಂಬಂಧಾರ್ಥಕ ಅವ್ಯಯ. ಇಂಗ್ಲಿಷಿನ ಕಂಜಂಕ್ಷನ್ ಎಂಬ ಹೆಸರಿಗೆ ಕೂಡಿಸುವಿಕೆ ಎಂದಷ್ಟೇ ಅರ್ಥ. ನಮ್ಮವರು ಸಂಬಂಧ ಎಂದರು. ಎರಡು ಮಾತುಗಳ ನಡುವೆ ಏನು ಸಂಬಂಧ ಇದೆ ಎಂದು ಹೇಳುವ ಪದ. ಈ ಹೆಸರು ನನಗೆ ಬಹಳ ಇಷ್ಟ. ಇಡೀ ಪಾಠದ ಕೀಲಿ ಅದರಲ್ಲೇ ಇದೆ. ಪುಸ್ತಕದ ಅಭ್ಯಾಸದಲ್ಲಿ "ಆ್ಯಂಡ್ ಬಳಸಿ ಕೂಡಿಸಿ", "ಬಟ್ ಬಳಸಿ ಕೂಡಿಸಿ" ಎಂದು ಕೊಡುತ್ತಾರೆ. ಪದವನ್ನು ಕೊಟ್ಟ ಮೇಲೆ ಸಂಬಂಧವನ್ನು ಪುಸ್ತಕವೇ ನಿರ್ಧರಿಸಿ ಆಯಿತು. ಮಗುವಿಗೆ ಉಳಿದದ್ದು ಎರಡು ವಾಕ್ಯಗಳ ನಡುವೆ ಗೋಂದು ಹಚ್ಚುವ ಕೆಲಸ. ಎರಡು ವಾಕ್ಯ ಕೊಡಿ, ಪದ ಕೊಡಬೇಡಿ. ಇವೆರಡಕ್ಕೆ ಏನು ಸಂಬಂಧ ಎಂದು ಮೊದಲು ಮನೆಮಾತಿನಲ್ಲಿ ಹೇಳಲಿ. ಇಂಗ್ಲಿಷ್ ಪದ ಆಮೇಲೆ ಬರಲಿ.

ಇದು ನನ್ನೊಬ್ಬಳ ಅನುಭವದ ಮಾತಲ್ಲ. ನಮ್ಮದೇ ದಕ್ಷಿಣ ಭಾರತದಲ್ಲಿ ಇದಕ್ಕೆ ಹತ್ತಿರದ ಒಂದು ದೊಡ್ಡ ಪ್ರಯೋಗ ನಡೆದಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸು, ಕಡಲೂರು ಕಡೆಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಹೊಸ ಬಗೆಯನ್ನು ಪರೀಕ್ಷಿಸಿದರು. ಲೋಕವೆಲ್ಲ ಅದನ್ನು ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯಿತು. ವ್ಯಾಕರಣದ ನಿಯಮವನ್ನು ಹೇಳಿಕೊಡದೆ ಮಕ್ಕಳಿಗೆ ಬಿಡಿಸಲಿಕ್ಕೆ ಕೆಲಸಗಳನ್ನು ಕೊಟ್ಟರು: ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕು, ನಕಾಶೆ ನೋಡಿ ಯಾವ ದಾರಿಯಲ್ಲಿ ಹೋಗಬೇಕು, ಹೀಗೆ. ಮನಸ್ಸು ಅರ್ಥದಲ್ಲಿ ಮುಳುಗಿದ್ದಾಗ ವ್ಯಾಕರಣ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅವರ ಪುಸ್ತಕ ಬಂತು. ಇಂದು ಟಾಸ್ಕ್ ಕೊಟ್ಟು ಭಾಷೆ ಕಲಿಸುವ ಕ್ರಮ ಜಗತ್ತಿನಲ್ಲಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಈ ಪ್ರಯೋಗದ ಹೆಸರು ಬರುತ್ತದೆ. ಅವರು ಕೆಲಸಗಳನ್ನು ಮೂರು ಬಗೆ ಮಾಡಿದ್ದರು. ಅದರಲ್ಲಿ ಅವರು ಹೆಚ್ಚು ನೆಚ್ಚಿಕೊಂಡದ್ದು ತರ್ಕದ ಕೆಲಸವನ್ನು, ಅಂದರೆ ಕೊಟ್ಟ ಮಾಹಿತಿಯಿಂದ ಇನ್ನೊಂದನ್ನು ಊಹಿಸಿ ಕಂಡುಹಿಡಿಯುವುದು. ತರ್ಕದ ಕೆಲಸ ಮಾಡುವ ಮಗುವಿಗೆ ಸೋ, ಬಿಕಾಸ್ ಇಲ್ಲದೆ ಒಂದು ಹೆಜ್ಜೆಯೂ ಹೋಗಲಿಕ್ಕಾಗುವುದಿಲ್ಲ. ಆದರೆ ಒಂದು ವಿಷಯದಲ್ಲಿ ನನ್ನ ದಾರಿ ಸ್ವಲ್ಪ ಬೇರೆ. ಕೆಲಸ ಕೊಟ್ಟರೆ ಸಾಕು, ನಿಯಮ ಬೇಡ ಎಂಬುದು ಆ್ಯಂಡಿಗೆ ನಡೆಯುತ್ತದೆ. ಬಿಕಾಸಿನ ಮುಖವನ್ನು ಒಮ್ಮೆ ಕೈ ಹಿಡಿದು ತೋರಿಸಲೇಬೇಕು ಎಂದು ನನ್ನ ಅನುಭವ ಹೇಳುತ್ತದೆ.

ಹೇಗೆ ತೋರಿಸುವುದು? ಮಳೆ ರಜೆಯ ಆ ವಾಕ್ಯದಿಂದಲೇ ನನಗೆ ಒಂದು ಆಟ ಸಿಕ್ಕಿತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಎರಡು ವಾಕ್ಯ ಬರೆದು ಇಬ್ಬರು ಮಕ್ಕಳ ಕೈಗೆ ಕೊಟ್ಟೆ. ಒಬ್ಬನ ಕೈಯಲ್ಲಿ "ಇಟ್ ರೇನ್ಡ್", ಇನ್ನೊಬ್ಬಳ ಕೈಯಲ್ಲಿ "ವಿ ಹ್ಯಾಡ್ ಎ ಹಾಲಿಡೇ". ಇಬ್ಬರ ನಡುವೆ ಸೋ ಎಂಬ ಚೀಟಿ ಹಿಡಿದು ಮೂರನೆಯವಳು ನಿಂತಳು. ತರಗತಿ ಗಟ್ಟಿಯಾಗಿ ಓದಿತು, ಅರ್ಥವನ್ನು ತುಳುವಿನಲ್ಲಿ ಹೇಳಿತು: "ಬರ್ಸ ಬತ್ತ್‌ಂಡ್, ಅಯಿಕ್ ರಜೆ." ಸರಿ. ಈಗ ನಡುವಿನವಳ ಚೀಟಿಯನ್ನು ತೆಗೆದು ಬಿಕಾಸ್ ಕೊಟ್ಟೆ. ಓದಿ ಎಂದೆ. ಓದಿದರು. ರಜೆ ಇದ್ದ ಕಾರಣ ಮಳೆ ಬಂದದ್ದಾ ಎಂದು ಕೇಳಿದೆ. ತರಗತಿ ನಕ್ಕಿತು. ಯಾರು ಎಲ್ಲಿ ನಿಲ್ಲಬೇಕು ಎಂದು ಕೇಳಿದಾಗ ಗಲಾಟೆಯೋ ಗಲಾಟೆ, ಕೊನೆಗೆ ಇಬ್ಬರೂ ಜಾಗ ಬದಲಾಯಿಸಿಕೊಂಡರು. ನಡುವಿನ ಹುಡುಗಿ ಮಾತ್ರ ಅಲ್ಲೇ ನಿಂತು ನನ್ನನ್ನು ಕೇಳಿದಳು: "ಟೀಚರ್, ನಾನೀಗ ಯಾರ ಕಡೆಗೆ ಮುಖ ಮಾಡ್ಬೇಕು?"

ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಮಳೆಯ ಕಡೆಗೆ ಮುಖ ಮಾಡು, ಮಳೆಯ ಕೈ ಹಿಡಿದುಕೋ ಎಂದೆ. ಅವಳು ಹಿಡಿದುಕೊಂಡಳು. ಬಿಕಾಸ್ ಯಾವಾಗಲೂ ಕಾರಣದ ಕೈ ಹಿಡಿಯುತ್ತದೆ, ಸೋ ಯಾವಾಗಲೂ ಫಲದ ಕೈ ಹಿಡಿಯುತ್ತದೆ. ಬಿಕಾಸ್ ಜಾಗ ಬದಲಾಯಿಸಿ ವಾಕ್ಯದ ಮೊದಲಿಗೆ ಹೋದರೂ ಕಾರಣದ ಕೈಯನ್ನು ಬಿಡುವುದಿಲ್ಲ, ಇಬ್ಬರೂ ಒಟ್ಟಿಗೇ ನಡೆದು ಹೋಗುತ್ತಾರೆ. ಮುಂದಿನ ತಿಂಗಳು ಆ ತರಗತಿಯಲ್ಲಿ ಯಾವ ಮಗುವಾದರೂ ತಪ್ಪಿದರೆ ನಾನು ಏನನ್ನೂ ತಿದ್ದಬೇಕಾಗಿರಲಿಲ್ಲ. "ಮುಖ ಎಲ್ಲಿಗೆ?" ಎಂದು ಪಕ್ಕದಲ್ಲಿ ಕೂತವರೇ ಕೇಳುತ್ತಿದ್ದರು. ಎರಡನ್ನೂ ಒಟ್ಟಿಗೆ ಹಾಕುವ ತಪ್ಪು, "ಬಿಕಾಸ್ ಇಟ್ ರೇನ್ಡ್ ಸೋ ವಿ ಹ್ಯಾಡ್ ಎ ಹಾಲಿಡೇ" ಎಂಬುದು, ಅದೂ ಇದೇ ಆಟದಲ್ಲಿ ಬಿಟ್ಟುಹೋಯಿತು. ನಮ್ಮಲ್ಲಿ ಯಾವಾಗ ಅಂದರೆ ಆಗ, ಹೇಗೆ ಅಂದರೆ ಹಾಗೆ ಎಂದು ಜೋಡಿ ಕಟ್ಟುವ ಅಭ್ಯಾಸ ಇರುವುದರಿಂದ ಆ ತಪ್ಪು ಬರುತ್ತದೆ. ಇಂಗ್ಲಿಷಿಗೆ ಒಂದೇ ಗಂಟು ಸಾಕು ಎಂದು ಹೇಳಿದರೆ ಮಕ್ಕಳು ಒಪ್ಪುತ್ತಾರೆ.

ಬಿಕಾಸಿಗೆ ಸರಿಯಾದ ಮನೆಮಾತು 'ಕಾರಣ' ಅಲ್ಲ, 'ಯಾಕೆಂದರೆ'. ಅದರ ಮುಖ ಬಿಕಾಸಿನ ಹಾಗೆಯೇ ಮುಂದಕ್ಕೆ ಇದೆ. ಇನ್ನೂ ಒಂದು ಸೊಗಸು ನೋಡಿ. ಯಾಕೆ ಅಂದರೆ, ತುಳುವಿನಲ್ಲಿ 'ದಾಯೆಗ್ ಪಂಡ', ಕೊಂಕಣಿಯಲ್ಲಿ 'ಕಿತ್ಯಾಕ್ ಮ್ಹಳ್ಯಾರ್'. ಮೂರೂ ಕಡೆ ಪದದ ಹೊಟ್ಟೆಯಲ್ಲಿ ಒಂದು ಪ್ರಶ್ನೆ ಕೂತಿದೆ. ಯಾಕೆ ಎಂದು ನೀನು ಕೇಳುವೆಯಾದರೆ, ಇಗೋ ಉತ್ತರ. ಮಾತಾಡುವವನು ಎದುರಿನವನ ಪ್ರಶ್ನೆಯನ್ನು ತಾನೇ ಕೇಳಿಕೊಂಡು ಉತ್ತರಿಸುತ್ತಾನೆ. ಹಾಗಾಗಿ ಬಿಕಾಸನ್ನು ಕಲಿಸಲಿಕ್ಕೆ ಒಳ್ಳೆಯ ದಾರಿ ಅರ್ಧ ವಾಕ್ಯ ಹೇಳಿ ನಿಲ್ಲಿಸುವುದು. "ಐ ಆ್ಯಮ್ ಲೇಟ್." ತರಗತಿ ಒಟ್ಟಾಗಿ ಕೇಳಲಿ: "ವೈ?" ಆಮೇಲೆ ಬಿಕಾಸ್ ಬರಲಿ. ಹೆದ್ದಾರಿಯ ಮೇಲ್ಸೇತುವೆಯ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿ ಕಲ್ಲಡ್ಕದ ಪೇಟೆಯಲ್ಲಿ ಬೇಸಗೆಗೆ ಧೂಳು, ಮಳೆಗೆ ಕೆಸರು. ತಡವಾಗಿ ಬಂದ ಮಕ್ಕಳಿಗೆ ಬಿಕಾಸಿಗೆ ಬರವೇ ಇರಲಿಲ್ಲ. ಬಸ್ಸು ನಿಂತಿತು, ಚಪ್ಪಲಿ ಕೆಸರಿನಲ್ಲಿ ಹೋಯಿತು, ಎಲ್ಲವೂ ಇಂಗ್ಲಿಷಿನಲ್ಲಿ ಬಂದವು.

ಆರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ಹೋಟೆಲಿನಲ್ಲಿ ಕಲಿಯಬಹುದು. ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯಲೆಂದೇ ಬೆಂಗಳೂರು ಮಂಗಳೂರಿನ ದಾರಿಯಲ್ಲಿ ಗಾಡಿ ನಿಲ್ಲಿಸುವ ಊರು ಇದು. ಗ್ಲಾಸಿನಲ್ಲಿ ಕೆಳಗೆ ಹಾಲು, ಮೇಲೆ ಡಿಕಾಕ್ಷನ್ ಬೇರೆ ಬೇರೆಯಾಗಿ ನಿಲ್ಲುವುದನ್ನು ನೋಡದ ಮಗು ಇಲ್ಲಿ ಇಲ್ಲ. ಮಕ್ಕಳನ್ನು ಹೋಟೆಲಿನ ಹುಡುಗ, ಗಿರಾಕಿ ಎಂದು ಆಡಿಸಿ. "ಟೀ ಆರ್ ಕಾಫಿ?" ಎಂದು ಕೇಳಿದರೆ ಮೊದಲ ದಿನ ಅರ್ಧ ಮಕ್ಕಳು "ಯೆಸ್" ಎನ್ನುತ್ತಾರೆ. 'ಚಾಯೋ ಕಾಫಿಯೋ' ಎಂದು ಕನ್ನಡದಲ್ಲಿ ಕೇಳಿದರೆ ಯಾರೂ ಹೌದು ಎನ್ನುವುದಿಲ್ಲ, ಎರಡು ಸಲ ಬರುವ 'ಓ' ಅವರನ್ನು ಎಚ್ಚರಿಸುತ್ತದೆ. ಆ ಎರಡು 'ಓ'ಗಳ ಕೆಲಸವನ್ನು ಇಂಗ್ಲಿಷಿನಲ್ಲಿ ನಡುವಿನ ಒಂದು ಆರ್ ಮಾಡುತ್ತದೆ ಎಂದು ಹೇಳಿದರೆ ಆಯಿತು. ಒಂದು ಪೀರಿಯಡ್ ಸಾಕು.

ಬಟ್ ಹಾಗಲ್ಲ. ಐದರಲ್ಲಿ ಅತಿ ಕಷ್ಟದ್ದು ಅದೇ ಎಂದು ನನ್ನ ಅಭಿಪ್ರಾಯ, ಪುಸ್ತಕಗಳು ಅದನ್ನು ಬಹಳ ಸಲೀಸಾಗಿ ಮುಗಿಸುತ್ತವೆ. ಬಟ್ ಅಂದರೆ ಆದರೆ, ವಿರುದ್ಧಾರ್ಥಕ್ಕೆ ಬಳಸುವುದು, ಮುಗಿಯಿತು. ಮಗು ಬರೆಯುತ್ತದೆ: "ದಿ ಟೀ ಈಸ್ ಹಾಟ್ ಬಟ್ ಇಟ್ ಈಸ್ ಸ್ವೀಟ್." ವ್ಯಾಕರಣದಲ್ಲಿ ತಪ್ಪೇನೂ ಇಲ್ಲ. ಆದರೂ ಏನೋ ಸರಿ ಇಲ್ಲ, ಅಲ್ಲವೇ? ಬಿಸಿ ಚಾ ಸಿಹಿ ಇರುವುದಿಲ್ಲ ಎಂದು ಯಾರೂ ಎಣಿಸುವುದಿಲ್ಲ. ಮೊದಲ ಮಾತು ಕೇಳಿದವರ ಮನಸ್ಸಿನಲ್ಲಿ ಒಂದು ಎಣಿಕೆ ಹುಟ್ಟಬೇಕು, ಎರಡನೆಯ ಮಾತು ಅದನ್ನು ಮುರಿಯಬೇಕು, ಆಗ ಬಟ್. "ಐ ರ‍್ಯಾನ್ ಫಾಸ್ಟ್ ಬಟ್ ಐ ಮಿಸ್ಡ್ ದಿ ಬಸ್." ಓಡಿದವನಿಗೆ ಬಸ್ಸು ಸಿಗಬೇಕಿತ್ತು, ಸಿಗಲಿಲ್ಲ. ಹಾಗಾಗಿ ಬಟ್ ಕಲಿಸುವಾಗ ಎರಡು ವಾಕ್ಯದ ನಡುವೆ ಹೇಳದೆ ಉಳಿದ ಮೂರನೆಯ ವಾಕ್ಯವನ್ನು ಕೇಳಬೇಕು. ನೀನು ಏನು ಎಣಿಸಿದ್ದೆ?

ಒಮ್ಮೆ ಐದನೇ ತರಗತಿಯಲ್ಲಿ ನನ್ನ ಗೆಳೆಯ ಎಂಬ ವಿಷಯಕ್ಕೆ ಐದು ವಾಕ್ಯ ಬರೆಯಲು ಹೇಳಿದ್ದೆ. ಒಬ್ಬ ಹುಡುಗ ಬರೆದಿದ್ದ: "ಹೀ ಸ್ಪೀಕ್ಸ್ ಬ್ಯಾರಿ ಬಟ್ ಹೀ ಈಸ್ ಮೈ ಫ್ರೆಂಡ್." ಅವನು ತುಳು ಮಾತಾಡುವ ಮನೆಯವನು. ಯಾರ ಬಗ್ಗೆ ಬರೆದಿದ್ದನೋ ಆ ಗೆಳೆಯ ಅದೇ ಬೆಂಚಿನಲ್ಲಿ ಅವನ ಪಕ್ಕ ಕೂತಿದ್ದ. ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ, ಕಾಗುಣಿತದ ತಪ್ಪಿಲ್ಲ. ನಾನು ಅವನನ್ನು ಮೇಜಿನ ಹತ್ತಿರ ಕರೆದು ಸಣ್ಣ ಸ್ವರದಲ್ಲಿ, ಎಲ್ಲ ಬಟ್‌ಗಳಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದೆ. ನೀನು ಏನು ಎಣಿಸಿದ್ದೆ? ಅವನು ಬಹಳ ಹೊತ್ತು ವಾಕ್ಯವನ್ನು ನೋಡಿದ. "ನಾನು ಏನೂ ಎಣಿಸಿಲ್ಲ ಟೀಚರ್" ಎಂದ. ಪುಸ್ತಕ ತೆಗೆದುಕೊಂಡು ಹೋಗಿ, ಬಟ್ ಒರೆಸಿ ಆ್ಯಂಡ್ ಬರೆದು ತಂದ. ಅವನು ಸುಳ್ಳು ಹೇಳಿರಲಿಲ್ಲ. ಆ ಎಣಿಕೆ ಅವನದ್ದಾಗಿರಲಿಲ್ಲ, ದೊಡ್ಡವರು ಮಾತಾಡುವುದನ್ನು ಕೇಳಿ ಕೇಳಿ ಬಂದ ಬಟ್ ಅದು. ಆ ಪುಟ ನೆನಪಾದಾಗಲೆಲ್ಲ, ಐದು ಪದ ಕಲಿಸುವ ಕೆಲಸ ಸಣ್ಣದು ಎಂದು ನನಗೆ ಅನಿಸಲೇ ಇಲ್ಲ.

ಇಷ್ಟು ಹೇಳಿದ ಮೇಲೆ ಆ್ಯಂಡಿನ ಬಗ್ಗೆ ಟೀಚರುಗಳು ಮಾಡುವ ಒಂದು ದೂರಿಗೆ ಉತ್ತರ ಹೇಳಬೇಕು. ಮಕ್ಕಳು ಎಲ್ಲದಕ್ಕೂ ಆ್ಯಂಡ್ ಹಾಕುತ್ತಾರೆ, ಅಜ್ಜಿ ಮನೆಗೆ ಹೋದದ್ದರಿಂದ ವಾಪಸ್ಸು ಬಂದು ಮಲಗುವವರೆಗೂ ಒಂದೇ ವಾಕ್ಯ, ಎಂಟು ಆ್ಯಂಡ್. ದಯವಿಟ್ಟು ಅದಕ್ಕೆ ಗದರಬೇಡಿ. ಇಂಗ್ಲಿಷೇ ಮನೆಮಾತಾಗಿರುವ ಎಳೆಯ ಮಕ್ಕಳಲ್ಲೂ ಮೊದಲು ಬರುವ ಕೂಡಿಸುವ ಪದ ಆ್ಯಂಡ್. ಆಮೇಲೆ, ಆದ್ದರಿಂದ, ಆದರೆ ಎಲ್ಲವನ್ನೂ ಅವರು ಆ ಒಂದರಲ್ಲೇ ಹೇಳುತ್ತಾರೆ. ಲೋಯಿಸ್ ಬ್ಲೂಮ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ. ಎಂಟು ಆ್ಯಂಡ್ ಹಾಕಿದ ಮಗು ಎಂಟು ಸಂಗತಿಗಳನ್ನು ಕ್ರಮ ತಪ್ಪದೆ ಹೇಳಿತು. ಆ ಎಂಟರಲ್ಲಿ ಯಾವ ಒಂದು ನಿಜವಾಗಿ ಸೋ ಆಗಬೇಕು ಎಂದು ಮಗುವಿನ ಜತೆ ಕೂತು ಹುಡುಕಿ. ದಿನಕ್ಕೆ ಒಂದು ಸಾಕು.

ನಮ್ಮ ಮಕ್ಕಳಿಗೆ ತರ್ಕ ಗೊತ್ತಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಇದು ತಾಳಮದ್ದಳೆಯ ನಾಡು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಯನ್ನು ರಾತ್ರಿಯಿಡೀ ಕೂತು ಕೇಳಿದ ಅಜ್ಜಂದಿರ ಮೊಮ್ಮಕ್ಕಳು ಇವರು. ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿ ಯಾಕೆ ಎಂದು ಕೇಳುವ, ರಾಮ ಯಾಕೆಂದರೆ ಎಂದು ಹೇಳುವ, ಹಾಗಾದರೆ ಎಂದು ವಾಲಿ ಮತ್ತೆ ಹಿಡಿಯುವ ಆ ವಾದ ಸಂಬಂಧಾರ್ಥಕ ಅವ್ಯಯಗಳ ಮೇಲೆಯೇ ನಿಂತಿದೆ. ಒಂದು 'ಆದರೆ' ಸರಿಯಾದ ಜಾಗದಲ್ಲಿ ಬಿದ್ದಾಗ ಸಭೆ ತಲೆದೂಗುತ್ತದೆ. ಅದನ್ನು ಕೇಳಿ ಬೆಳೆದ ಮಗುವಿಗೆ ಬಟ್‌ನ ಬಲ ಏನೆಂದು ನಾವು ಹೊಸದಾಗಿ ಹೇಳಬೇಕಾಗಿಲ್ಲ.

ಪೋಷಕರು ಕೇಳುವ ಪ್ರಶ್ನೆ ಒಂದು ಇದೆ. ಮನೆಯಲ್ಲಿ ನಾವೂ ಇಂಗ್ಲಿಷ್ ಮಾತಾಡಬೇಕಾ? ಬೇಡ. ನಿಮ್ಮ ಮಾತಿನಲ್ಲೇ ಯಾಕೆ ಎಂದು ಕೇಳಿ, ಮಗು ಪೂರ್ತಿ ಉತ್ತರ ಹೇಳುವವರೆಗೆ ಕಾದಿರಿ. 'ಸುಮ್ಮನೆ' ಎಂಬ ಉತ್ತರಕ್ಕೆ ಬಿಟ್ಟುಬಿಡಬೇಡಿ. ಉಳಿದದ್ದನ್ನು ಟೀಚರುಗಳು ನೋಡಿಕೊಳ್ಳುತ್ತಾರೆ.

ಕೊನೆಗೆ ಮತ್ತೆ ಪಂಜೆಯವರ ಹತ್ತಿರ ಹೋಗುತ್ತೇನೆ. ಅವರ ಇನ್ನೊಂದು ಕಥೆ 'ಸಿಗಡಿ ಯಾಕೆ ಒಣಗಲಿಲ್ಲ'. ಹೆಸರಿನಲ್ಲೇ ಯಾಕೆ ಇದೆ. ಒಂದು ಯಾಕೆಗೆ ಉತ್ತರ ಸಿಕ್ಕಿದರೆ ಆ ಉತ್ತರದ ಬೆನ್ನಿಗೆ ಮತ್ತೊಂದು ಯಾಕೆ ಹತ್ತಿಕೊಳ್ಳುವ ಸರಪಳಿ ಕಥೆಗಳ ಜಾತಿ ಅದು. ತೆಲುಗಿನಲ್ಲಿ ಏಳು ಮೀನಿನ ಕಥೆ ಎಂದು ಇದರ ನೆಂಟ ಕಥೆ ಇದೆ. ನಾನು ಒಂದು ಮಳೆಗಾಲದಲ್ಲಿ ಈ ಕಥೆಯನ್ನು ಕನ್ನಡದಲ್ಲಿ ಹೇಳಿ ಮುಗಿಸಿ, ಈಗ ನಮ್ಮದೇ ಒಂದು ಸರಪಳಿಯನ್ನು ಇಂಗ್ಲಿಷಿನಲ್ಲಿ ಕಟ್ಟೋಣ ಎಂದೆ. ವಿಷಯವನ್ನು ಮಕ್ಕಳೇ ಆರಿಸಿದರು: ಯೂನಿಫಾರ್ಮ್ ಯಾಕೆ ಒಣಗಲಿಲ್ಲ? ಜುಲೈ ತಿಂಗಳಿನಲ್ಲಿ ಇಲ್ಲಿನ ಪ್ರತಿ ಮನೆಯ ಪ್ರಶ್ನೆ ಅದು. ಒಲೆಯ ಮೇಲಿನ ಹಗ್ಗದಲ್ಲಿ ನೇತು ಹಾಕಿ, ಹೊಗೆಯ ವಾಸನೆಯ ಅಂಗಿ ಹಾಕಿಕೊಂಡು ಬಂದವರೂ ಅಲ್ಲಿ ಇದ್ದರು.

ಒಬ್ಬಳು ಎದ್ದಳು. "ಮೈ ಯೂನಿಫಾರ್ಮ್ ಈಸ್ ವೆಟ್ ಬಿಕಾಸ್ ದೇರ್ ಈಸ್ ನೋ ಸನ್." ಎಲ್ಲರೂ ಒಟ್ಟಾಗಿ ಕೇಳಿದರು, ವೈ? ಇನ್ನೊಬ್ಬ ಹೇಳಿದ, ಸೂರ್ಯ ಇಲ್ಲ ಬಿಕಾಸ್ ಮೋಡ ಇದೆ. ವೈ? ಮೋಡ ಇದೆ ಬಿಕಾಸ್ ಕಡಲಿನಿಂದ ಗಾಳಿ ಬರುತ್ತದೆ. "ದಿ ವಿಂಡ್ ಕಮ್ಸ್ ಫ್ರಮ್ ದಿ ಸೀ" ಎಂದು ಹೇಳಿಕೊಟ್ಟದ್ದು ನಾನು, ಬಿಕಾಸ್ ಹಾಕಿದ್ದು ಅವರು. ವೈ ಎಂದು ತರಗತಿ ನಾಲ್ಕನೆಯ ಸಲ ಕೂಗಿತು. ಎದ್ದು ನಿಂತಿದ್ದ ಹುಡುಗಿ "ದಿ ವಿಂಡ್ ಕಮ್ಸ್ ಬಿಕಾಸ್" ಎಂದು ಅಲ್ಲಿಗೆ ನಿಂತಳು. ವಾಕ್ಯ ಅರ್ಧದಲ್ಲಿತ್ತು, ಮುಖ ಸರಿಯಾದ ಕಡೆಗೆ ಇತ್ತು. ಆಮೇಲೆ ಅವಳು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು: "ಟೀಚರ್, ಮಳೆಗಾಲದಲ್ಲಿ ಮಾತ್ರ ಗಾಳಿ ಕಡಲಿನಿಂದ ಯಾಕೆ ಬರ್ತದೆ?"

ಗಂಟೆ ಹೊಡೆಯಿತು. ನಾಳೆ ಹೇಳುತ್ತೇನೆ ಎಂದು ಹೇಳಿ, ಸುಣ್ಣದ ಕೈಯನ್ನು ಒರೆಸಿಕೊಂಡು ನಾನು ವಿಜ್ಞಾನದ ಟೀಚರನ್ನು ಹುಡುಕಿಕೊಂಡು ಹೋದೆ.